ಕಾನ್ಯಾಕ್ ಬದಲಿಗೆ ಅರ್ಮೇನಿಯದ ಬ್ರಾಂದಿ: ಮುಂದೆ ಯಾವುದು ಕೊಳ್ಳಲಿ?

ರೈನ್‌ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮೂರು ದಾವಣಗೆರೆ, ಈಗ ಇರೋದು ಜರ್ಮನಿಯ ಮೈಂಜ್‌ನಲ್ಲಿ. ಶನಿವಾರ ರಾತ್ರಿ ಊಟ ಆದ ಮೇಲೆ ಒಂದು ಸಣ್ಣ ಗ್ಲಾಸ್ ಕಾನ್ಯಾಕ್ (ಫ್ರಾನ್ಸಿನ ಬ್ರಾಂದಿ) ಕುಡಿಯುವುದು ನನ್ನ ರೂಢಿ. ಆದರೆ ಇಲ್ಲಿ ಒಂದು ಸಾಧಾರಣ ವಿಎಸ್‌ಒಪಿ (ಕನಿಷ್ಠ 4 ವರ್ಷ ಪೀಪಾಯಿಯಲ್ಲಿಟ್ಟ ದರ್ಜೆ) ಬಾಟಲಿಗೇ 40 ಯೂರೋ ದಾಟುತ್ತೆ. ಹೋದ ವಾರ ಸಬ್ಬಸಿಗೆ ಸೊಪ್ಪು ತರೋಕೆ ರಷ್ಯನ್ ಅಂಗಡಿಗೆ ಹೋಗಿದ್ದೆ (ಇಲ್ಲಿ ಒಳ್ಳೆ ಸಬ್ಬಸಿಗೆ ಸಿಗುವುದು ಅಲ್ಲೇ). ಕ್ಯಾಷ್ ಕೌಂಟರ್ ಹಿಂದಿನ ಕಪಾಟಿನಲ್ಲಿ ಅರಾರತ್ ಅಂತ ಒಂದು ಅರ್ಮೇನಿಯದ ಬ್ರಾಂದಿ ಬಾಟಲಿ ಕಾಣಿಸಿತು. 5 ನಕ್ಷತ್ರದ್ದು, ಸುಮಾರು 20 ಯೂರೋ. ನೋಡೋಣ ಅಂತ ತಂದೆ.

ನಿಜ ಹೇಳ್ತೀನಿ, ತುಂಬಾ ಇಷ್ಟ ಆಯಿತು. ಗ್ಲಾಸಿಗೆ ಹಾಕಿ ಐದು ನಿಮಿಷ ಬಿಟ್ಟು ಮೂಗಿನ ಹತ್ತಿರ ಹಿಡಿದರೆ ಒಣ ಏಪ್ರಿಕಾಟ್ ವಾಸನೆ, ಆಮೇಲೆ ಅಂಟುಂಡೆಗೆ ಬೆಲ್ಲದ ಪಾಕ ಇಟ್ಟಾಗ ಅಡುಗೆಮನೆಯಿಂದ ಬರುತ್ತಲ್ಲ, ಹಾಗೆ. ಅರ್ಧ ಬೆಲೆಗೆ ಇಷ್ಟು ಒಳ್ಳೇದು ಹೇಗೆ ಸಾಧ್ಯ? ಸಕ್ಕರೆ ಗಿಕ್ಕರೆ ಸುರೀತಾರಾ? ಈ ಥರ ಹೆಚ್ಚು ಜನಕ್ಕೆ ಗೊತ್ತಿಲ್ಲದ ಬೇರೆ ಯಾವುದಿದೆ? ಆಗಸ್ಟ್‌ನಲ್ಲಿ ಅಪ್ಪ ಮೊದಲ ಸಲ ಇಲ್ಲಿಗೆ ಬರ್ತಿದ್ದಾರೆ. ಊರಲ್ಲಿ ಅವರು ಬ್ರಾಂದಿ ಬಿಟ್ಟು ಬೇರೇನೂ ಮುಟ್ಟುವವರಲ್ಲ. ಅವರ ಜೊತೆ ಕೂತು ಒಂದು ಒಳ್ಳೆ ಬಾಟಲಿ ತೆಗೀಬೇಕು ಅಂತ ಆಸೆ.

ದೇರಾ ಕನ್ನಡಿಗ:
ನೀವು ಸರಿಯಾದ ಬಾಟಲಿಯನ್ನೇ ಹಿಡಿದಿದ್ದೀರಿ ಸರ್. ದುಬೈನಿಂದ ಅರ್ಮೇನಿಯದ ರಾಜಧಾನಿ ಯೆರೆವಾನ್‌ಗೆ ವಿಮಾನದಲ್ಲಿ ಮೂರು ಗಂಟೆ ಅಷ್ಟೇ, ಹಾಗಾಗಿ ಇಲ್ಲಿನ ನಮ್ಮವರು ರಜಾ ಸಿಕ್ಕರೆ ಅಲ್ಲಿಗೆ ಹೋಗ್ತಾರೆ. ನಾನು ಎರಡು ಸಲ ಹೋಗಿ ಬಂದೆ, ಎರಡು ಸಲವೂ ಅರಾರತ್ ಕಾರ್ಖಾನೆ ನೋಡಿದೆ. ಹ್ರಾಜ್ದಾನ್ ನದಿಯ ಕಣಿವೆ ಮೇಲೆ, ದೊಡ್ಡ ದೊಡ್ಡ ಕಮಾನಿನ ಕಟ್ಟಡ. 1887ರಲ್ಲಿ ನೆರ್ಸೆಸ್ ತೈರ್ಯಾನ್ ಅನ್ನುವ ವ್ಯಾಪಾರಿ ಶುರು ಮಾಡಿದ್ದು, 1899ರಲ್ಲಿ ರಷ್ಯಾದ ಶುಸ್ತೋವ್ ಅನ್ನುವ ಮದ್ಯದ ಕಂಪನಿ ಕೈಗೆ ಹೋಯಿತು, ಆಮೇಲೆ ಸೋವಿಯತ್ ಸರ್ಕಾರ, 1998ರಿಂದ ಫ್ರಾನ್ಸಿನ ಪರ್ನೋ ರಿಕಾರ್ಡ್ ಕಂಪನಿ. ಅಂದರೆ ಕಾನ್ಯಾಕ್ ಮಾರುವ ಫ್ರೆಂಚರೇ ಇದನ್ನೂ ಕೊಂಡುಕೊಂಡಿದ್ದಾರೆ.

ಒಳಗೆ ಪೀಪಾಯಿಗಳ ಸಾಲಿನ ನಡುವೆ ನಡೆಯುವಾಗ ಉಸಿರು ಎಳೆದರೆ ಸಾಕು, ಗಾಳಿಯಲ್ಲೇ ಬ್ರಾಂದಿ ಇರುತ್ತೆ. ಪೀಪಾಯಿಯಿಂದ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತಲ್ಲ, ಅದು. ಅಲ್ಲಿ ‘ಶಾಂತಿ’ ಅಂತ ಹೆಸರಿಟ್ಟ ಒಂದು ಪೀಪಾಯಿ ಇದೆ. ಅಜರ್ಬೈಜಾನ್ ಜೊತೆಗಿನ ಕರಾಬಾಖ್ ಪ್ರದೇಶದ ಜಗಳ ಮುಗಿದ ದಿನ ತೆಗೆಯಬೇಕು ಅಂತ ಮುಚ್ಚಿಟ್ಟಿದ್ದು. ಅದರ ಮುಂದೆ ನಿಂತಾಗ ನಮ್ಮ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ.

ಬೆಲೆ ಯಾಕೆ ಕಡಿಮೆ ಅಂದಿರಿ. ಕಾನ್ಯಾಕ್ ಅನ್ನುವ ಹೆಸರು ಫ್ರಾನ್ಸಿನ ಶರಾಂತ್ ಸುತ್ತಮುತ್ತಲಿನ ಜಾಗಕ್ಕೆ ಮಾತ್ರ ಸೇರಿದ್ದು. ಜಾಗ ಇರೋದು ಅಷ್ಟೇ, ಕೇಳುವವರು ಜಗತ್ತೆಲ್ಲ. ಆ ಹೆಸರಿಗೇ ಅರ್ಧ ದುಡ್ಡು ಅಂತ ನನ್ನ ಅಭಿಪ್ರಾಯ. ಅರ್ಮೇನಿಯದಲ್ಲಿ ದ್ರಾಕ್ಷಿ, ಕೂಲಿ ಎರಡೂ ಅಗ್ಗ, ಮಾಲು ಜಾಸ್ತಿ ಹೋಗುವುದು ರಷ್ಯಾಕ್ಕೆ. ಕೆಲಸದಲ್ಲಿ ಮಾತ್ರ ಮೋಸ ಇಲ್ಲ. ವೊಸ್ಕೆಹಾತ್, ಕಂಗುನ್, ಮ್ಸ್ಖಾಲಿ ಅನ್ನುವ ಅಲ್ಲಿನದೇ ಬಿಳಿ ದ್ರಾಕ್ಷಿ, ಕಾನ್ಯಾಕ್ ಥರಾನೇ ಎರಡು ಸಲ ಭಟ್ಟಿ ಇಳಿಸುವುದು, ಆಮೇಲೆ ಕಾಕಸಸ್ ಕಡೆಯ ಓಕ್ ಮರದ ಪೀಪಾಯಿ. ಸಕ್ಕರೆ ವಿಷಯ ಕೇಳಿದಿರಲ್ಲ, ಸ್ವಲ್ಪ ಸಕ್ಕರೆ, ಬಣ್ಣಕ್ಕೆ ಕ್ಯಾರಮೆಲ್ ಹಾಕಲು ಕಾನ್ಯಾಕ್‌ಗೂ ನಿಯಮದಲ್ಲೇ ಅವಕಾಶ ಇದೆ. ಹಾಗಾಗಿ ಅದೊಂದನ್ನೇ ಹಿಡಿದು ಅರ್ಮೇನಿಯದ್ದು ಕೀಳು ಅನ್ನೋಕಾಗಲ್ಲ.

ನಕ್ಷತ್ರದ ಲೆಕ್ಕ ಸುಲಭ: 3 ನಕ್ಷತ್ರ 3 ವರ್ಷ, 5 ನಕ್ಷತ್ರ 5 ವರ್ಷ. ಅದರ ಮೇಲಿನದಕ್ಕೆ ಹೆಸರು ಇಟ್ಟಿರುತ್ತಾರೆ, ಅಖ್ತಮಾರ್ 10 ವರ್ಷ, ನಾಯಿರಿ 20 ವರ್ಷ. ಅಪ್ಪನಿಗೆ ಅಖ್ತಮಾರ್ ತಗೊಳ್ಳಿ. ಕೊಡೋ ದುಡ್ಡಿಗೆ ಅದಕ್ಕಿಂತ ಒಳ್ಳೇದು ನಾನು ಕುಡಿದಿಲ್ಲ. ದ್ವಿನ್ ಅನ್ನುವುದು 50 ಡಿಗ್ರಿಯದು (ಅಂದರೆ ಶೇಕಡಾ 50 ಆಲ್ಕೋಹಾಲ್), ಖಾರ. ಅದನ್ನು ಚರ್ಚಿಲ್ ಪೆಟ್ಟಿಗೆಗಟ್ಟಲೆ ತರಿಸ್ತಿದ್ದ ಅಂತ ಎಲ್ಲರೂ ಹೇಳ್ತಾರೆ, ಗಟ್ಟಿ ದಾಖಲೆ ಇಲ್ಲ, ಕಥೆ ನಂಬಿ ಕೊಳ್ಳಬೇಡಿ. ಇನ್ನೊಂದು, ಕತ್ತಿ ಆಕಾರದ ಬಾಟಲಿ, ಕೋವಿ ಆಕಾರದ ಬಾಟಲಿ ಇವನ್ನೆಲ್ಲ ಶೋಕೇಸಿಗೆ ಬೇಕಾದರೆ ತಗೊಳ್ಳಿ. ನಾನು ಸಂತೆಯಲ್ಲಿ ಒಂದು ಕತ್ತಿ ಕೊಂಡು ತಂದೆ, ಒಳಗಿದ್ದದ್ದು ಸ್ಪಿರಿಟ್‌ಗೆ ಸಕ್ಕರೆ ಕಲಸಿದ ಹಾಗಿತ್ತು. ಎರಡು ಗುಟುಕು ಕುಡಿದು ಸಿಂಕಿಗೆ ಸುರಿದೆ. ಹೊಟ್ಟೆ ಉರೀತು.

ಗಾಂಧಿಬಜಾರ್:
ಮೇಲಿನವರು ಹೇಳಿದ್ದು ಸರಿ, ಒಂದು ಸೇರಿಸ್ತೀನಿ. ನಮ್ಮ ಕಡೆ ಕ್ವಾರ್ಟರ್ ಲೆಕ್ಕದಲ್ಲಿ ಸಿಗುವ ಬ್ರಾಂದಿಯಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯಿಂದ ಮಾಡಿದ ಸ್ಪಿರಿಟ್. ನಿಮ್ಮ ತಂದೆಯವರ ನಾಲಿಗೆ ಅದಕ್ಕೆ ಒಗ್ಗಿರುತ್ತೆ. ಪೂರ್ತಿ ದ್ರಾಕ್ಷಿಯದು ಮೊದಲ ಸಲ ಕುಡಿದಾಗ ‘ಇದೇನೋ ತೆಳ್ಳಗಿದೆ’ ಅನ್ನಿಸಬಹುದು. ಅದಕ್ಕೇ ಸ್ವಲ್ಪ ದಪ್ಪ ರುಚಿಯದರಿಂದ ಶುರು ಮಾಡಿ. ಸ್ಪೇನಿನ ಬ್ರಾಂದಿ ದೆ ಹೆರೆಸ್ ನೋಡಿ. ಶೆರಿ ವೈನ್ ಇದ್ದ ಪೀಪಾಯಿಯಲ್ಲಿ ಇಡ್ತಾರೆ. ಪೀಪಾಯಿಗಳನ್ನು ಮೆಟ್ಟಿಲ ಹಾಗೆ ಜೋಡಿಸಿ, ಹಳೇದರಿಂದ ಸ್ವಲ್ಪ ತೆಗೆದು ಬಾಟಲಿಗೆ, ಅದರಿಂದ ಖಾಲಿಯಾದಷ್ಟನ್ನು ಅದಕ್ಕಿಂತ ಹೊಸದರಿಂದ ತುಂಬಿಸೋದು. ನಮ್ಮಲ್ಲಿ ದೋಸೆ ಹಿಟ್ಟಿಗೆ ಹಳೇ ಹಿಟ್ಟು ಒಂದು ಸೌಟು ಉಳಿಸಿಕೊಳ್ಳಲ್ವಾ, ಹಾಗೆ ಹಳೇದರ ಗುಣ ಹೊಸದಕ್ಕೆ ಇಳೀತಾ ಹೋಗುತ್ತೆ. ಲೇಬಲ್ ಮೇಲೆ ಸೊಲೆರಾ ಗ್ರಾನ್ ರಿಸೆರ್ವಾ ಅಂತ ಇದ್ದರೆ ಕನಿಷ್ಠ 3 ವರ್ಷ ಅಂತ ಅರ್ಥ. ಅದರಲ್ಲಿ ಕಾರ್ದೆನಾಲ್ ಮೆಂದೋಸಾ ಅನ್ನುವ ಬ್ರಾಂಡ್ ಒಳ್ಳೇದು, ಒಣದ್ರಾಕ್ಷಿ, ಖರ್ಜೂರದ ರುಚಿ. ಹಿರಿಯರಿಗೆ ಹಿಡಿಸುತ್ತೆ.

ನನಗೆ ಸ್ವಂತಕ್ಕೆ ಇಷ್ಟ ಆರ್ಮಾನ್ಯಾಕ್. ಅದೂ ಫ್ರಾನ್ಸಿನದೇ, ಗ್ಯಾಸ್ಕೊನಿ ಪ್ರಾಂತ್ಯದ್ದು, ಕಾನ್ಯಾಕ್‌ಗಿಂತ ಹಳೇದು. ಹೆಚ್ಚಾಗಿ ಒಂದೇ ಸಲ ಭಟ್ಟಿ ಇಳಿಸೋದು, ಅದಕ್ಕೆ ದ್ರಾಕ್ಷಿಯ ಒರಟು ರುಚಿ ಉಳಿದುಕೊಳ್ಳುತ್ತೆ. ಸಣ್ಣ ಸಣ್ಣ ರೈತರೇ ಮಾಡ್ತಾರೆ. ಒಂದೇ ವರ್ಷದ ಬೆಳೆಯದನ್ನು ಬೇರೆಯಾಗಿ ಬಾಟಲಿಗೆ ಹಾಕುವ ಪದ್ಧತಿ ಅಲ್ಲಿ ಜಾಸ್ತಿ. ನೀವು ಯುರೋಪಿನಲ್ಲೇ ಇದ್ದೀರಿ, ಅಪ್ಪನ ಹುಟ್ಟಿದ ವರ್ಷದ್ದು ತುಟ್ಟಿಯಾಗುತ್ತೆ, ನಿಮ್ಮ ಹುಟ್ಟಿದ ವರ್ಷದ್ದು ಹುಡುಕಿ ನೋಡಿ. ನನ್ನ ಅಣ್ಣ ಹಾಗೆ ಒಂದು ತಂದುಕೊಟ್ಟಿದ್ದ. ಖಾಲಿ ಬಾಟಲಿ ಇನ್ನೂ ಮನೆಯಲ್ಲಿದೆ.

ಮೂರನೇ ಪೆಗ್:
ಜಾರ್ಜಿಯದ ಸರಜಿಶ್ವಿಲಿ ಬ್ರಾಂದಿ ಕೂಡ ಆ ರಷ್ಯನ್ ಅಂಗಡಿಯಲ್ಲೇ ಸಿಗಬಹುದು, ಕೇಳಿ. 1884ರಿಂದ ಮಾಡ್ತಿದ್ದಾರೆ. ಗ್ರೀಸಿನ ಮೆಟಾಕ್ಸಾ ಸಿಹಿ, ಅದಕ್ಕೆ ಮಸ್ಕತ್ ಅನ್ನುವ ಜಾತಿಯ ದ್ರಾಕ್ಷಿಯ ವೈನ್ ಸೇರಿಸಿರ್ತಾರೆ, ಕಾನ್ಯಾಕ್ ಥರ ಇರಲ್ಲ.

ಆದರೆ ಮೈಂಜ್‌ನಲ್ಲಿ ಇದ್ದುಕೊಂಡು ರ‍್ಯೂಡೆಸ್‌ಹೈಮ್‌ಗೆ ಹೋಗಿಲ್ವಾ? ಜರ್ಮನಿಯ ಬ್ರಾಂದಿ ಆಸ್ಬಾಖ್ 1892ರಲ್ಲಿ ಹುಟ್ಟಿದ್ದು ಅಲ್ಲೇ. ಮೊದಲ ಮಹಾಯುದ್ಧ ಸೋತ ಮೇಲೆ ವರ್ಸೇಲ್ಸ್ ಒಪ್ಪಂದದಲ್ಲಿ ಜರ್ಮನರು ಕಾನ್ಯಾಕ್ ಅನ್ನುವ ಪದವನ್ನೇ ಬಿಡಬೇಕಾಯಿತು, ಅದಕ್ಕೇ ಅವರ ಬ್ರಾಂದಿಗೆ ಹೆಸರು ವೈನ್‌ಬ್ರಾಂಡ್. ಅಲ್ಲಿ ಒಂದು ಕಾಫಿ ಕೊಡ್ತಾರೆ, ಅಪ್ಪನಿಗೆ ಅದನ್ನು ತೋರಿಸಲೇಬೇಕು. ದಪ್ಪ ಕಪ್ಪಿಗೆ ಮೂರು ಸಕ್ಕರೆ ಗಡ್ಡೆ, ಮೇಲೆ ಬಿಸಿ ಮಾಡಿದ ಆಸ್ಬಾಖ್, ಉದ್ದ ಕಡ್ಡಿಯಿಂದ ಬೆಂಕಿ ಹಚ್ಚಿ ಸಕ್ಕರೆ ಕರಗುವವರೆಗೆ ಕಲಕ್ತಾರೆ. ನೀಲಿ ಉರಿ ಏಳುತ್ತೆ. ಆಮೇಲೆ ಕಾಫಿ, ಮೇಲೆ ಕ್ರೀಮ್, ಚಾಕೊಲೇಟ್ ತುರಿ.

ರೈನ್‌ದಂಡೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರ‍್ಯೂಡೆಸ್‌ಹೈಮ್ ರೈಲಿನಲ್ಲಿ ಒಂದು ಗಂಟೆ ಒಳಗೆ, ಖಂಡಿತ ಹೋಗ್ತೀವಿ. ಅಪ್ಪ ಕಾಫಿ ಅಂದರೆ ಪ್ರಾಣ ಬಿಡ್ತಾರೆ. ಅಖ್ತಮಾರ್ ನಿನ್ನೆ ತಂದೆ, ಇನ್ನೂ ಸೀಲ್ ತೆಗೆದಿಲ್ಲ. ಅಪ್ಪ ಯಾವಾಗಲೂ ಅರ್ಧಕ್ಕರ್ಧ ಬಿಸಿನೀರು ಹಾಕಿ ಕುಡಿಯೋರು. ಇದಕ್ಕೂ ಹಾಕಬಹುದಾ?

ದೇರಾ ಕನ್ನಡಿಗ:
ಮೊದಲು ಒಂದು ಗುಟುಕು ಹಾಗೇ ಕೊಡಿ, ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಲಿ. ಜೊತೆಗೆ ಒಂದು ಚೂರು ಕಪ್ಪು ಚಾಕೊಲೇಟ್ ಇಡಿ, ಅಲ್ಲಿಯವರು ಹಾಗೇ ಕುಡಿಯೋದು. ಆಮೇಲೂ ಬಿಸಿನೀರು ಬೇಕು ಅಂದರೆ ಹಾಕಿ ಕೊಡಿ ಸರ್, ಬೇಡ ಅನ್ನಬೇಡಿ. ವಾಪಸ್ ಹೋಗುವಾಗ ಒಂದು ಬಾಟಲಿ ಕಳಿಸಿ, ಒಬ್ಬರಿಗೆ 2 ಲೀಟರ್‌ವರೆಗೆ ಸುಂಕ ಇಲ್ಲದೆ ಒಯ್ಯಬಹುದು.