ರೀಪಾಟ್ ಮಾಡಿದ ಆರ್ಕಿಡ್: ದಿನಾ ನೀರು ಹಾಕಿದರೂ ಎಲೆ ಸುಕ್ಕು

ಬಳ್ಳಾರಿ_ಬಾಲ್ಕನಿ:
ತಲೆ ಕೆಟ್ಟುಹೋಗಿದೆ. ಮೂರು ವಾರದ ಹಿಂದೆ ಫೆಲೆನಾಪ್ಸಿಸ್ ಆರ್ಕಿಡ್ ಗಿಡಕ್ಕೆ ಹೊಸ ಕುಂಡ, ಮಣ್ಣಿನ ಬದಲು ಹಾಕುವ ಮರದ ತೊಗಟೆ ಚೂರು ಅಂದರೆ ಬಾರ್ಕ್, ಅದನ್ನೂ ಹೊಸದು ಹಾಕಿದೆ. ದಿನಾ ಬೆಳಿಗ್ಗೆ ತಪ್ಪದೆ ನೀರು. ಆದರೂ ಕೆಳಗಿನ ಎರಡು ಎಲೆ ಹಳೇ ಚಪ್ಪಲಿ ಹಾಗೆ ಸುಕ್ಕಾಗಿ ಜೋತುಬಿದ್ದಿವೆ. ಎರಡು ವರ್ಷ ಚೆನ್ನಾಗಿದ್ದ ಗಿಡ ಇದು. ಏನು ಮಾಡಲಿ?

ಮಲೆನಾಡ_ಮಾಣಿ:
ದಿನಾ ನೀರಾ! ಬೇರು ಕೊಳೆತಿದೆ ಮಾರಾಯ್ರೆ. ಬೇರು ಹೋದರೂ ಎಲೆ ಸುಕ್ಕಾಗುತ್ತದೆ, ನೀರು ಎಳೆಯಲಿಕ್ಕೆ ಏನೂ ಉಳಿದಿರುವುದಿಲ್ಲ ಅಲ್ವಾ. ಹತ್ತು ದಿನ ನೀರು ಬಂದ್ ಮಾಡಿ.

ಟಿಡಿಎಸ್_ತಾತ:
ಮೊದಲು ಯಾವ ನೀರು ಹೇಳಿ. ಬೋರ್‌ದಾ? ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿದೆಯಾ? ಸಾಫ್ಟ್‌ನರ್ ನೀರಾದರೆ ಇನ್ನೂ ಕೆಟ್ಟದ್ದು, ಅದರಲ್ಲಿ ಸೋಡಿಯಂ.

ಬಳ್ಳಾರಿ_ಬಾಲ್ಕನಿ:
ಆರ್‌ಒ ನೀರು ಸರ್. ಬೇರು ಕೊಳೆತಿಲ್ಲ, ಹಿಚುಕಿ ನೋಡಿದೆ, ಗಟ್ಟಿ ಇದೆ. ಬೂದಿ ಬಣ್ಣ. ನೀರು ಹಾಕಿದ ಮೇಲೂ ಬೂದಿ ಬಣ್ಣವೇ.

ಮಲೆನಾಡ_ಮಾಣಿ:
ಮೇಲಿನದು ಗಟ್ಟಿ, ಒಳಗಿನದು ಕೊಳೆತಿರುತ್ತದೆ. ನೋಡಿ, ನಮ್ಮ ಹಲಸಿನ ಮರದಲ್ಲಿ ಸೀತಾಳೆದಂಡೆ ಇದೆ, ಅದೂ ಆರ್ಕಿಡ್ಡೇ. ಯಾರೂ ಒಂದು ಲೋಟ ನೀರು ಹಾಕಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಮೊಳದುದ್ದ ಹೂ!

ಹಸಿರು_ಹಠ:
ಕಾಡಿನಿಂದ ಕಿತ್ತು ತಂದದ್ದಾ?

ಮಲೆನಾಡ_ಮಾಣಿ:
ಮರದಲ್ಲಿ ತಾನೇ ಹುಟ್ಟಿದ್ದು. ಸುಮ್ನೆ ಕೇಸು ಹಾಕಬೇಡಿ.

ಕುಂಡದಕ್ಕ:
ಮಾಣಿ, ನಿಮ್ಮ ಮರಕ್ಕೆ ಶಿರಸಿ ಮಳೆ ಇದೆ, ಇವರಿಗಿರುವುದು ಬಳ್ಳಾರಿ ಬಿಸಿಲು. ಆರ್ಕಿಡ್ ಬೇರಿನ ಮೇಲೆ ಸ್ಪಂಜಿನಂಥ ಪದರ ಇರುತ್ತದೆ. ಅದು ನೀರು ಕುಡಿದರೆ ಒಳಗಿನ ಹಸಿರು ಕಾಣಬೇಕು. ಬೂದಿಯಾಗಿಯೇ ಇದ್ದರೆ ನೀರು ಬೇರಿಗೆ ಮುಟ್ಟಿಲ್ಲ ಅಂತಲೇ. ಬಾರ್ಕ್ ನೆನೆಸಿದ್ರಾ? ಎಸಿ ಇದೆಯಾ?

ಬಳ್ಳಾರಿ_ಬಾಲ್ಕನಿ:
ನೆನೆಸಬೇಕಾ ಅಕ್ಕಾ? ಪ್ಯಾಕೆಟ್ ಒಡೆದು ಹಾಗೇ ಸುರಿದೆ. ದಿನಕ್ಕೆ ಒಂದು ಲೋಟ ನೀರು. ಎಸಿ ರಾತ್ರಿಯಿಡೀ ಇರುತ್ತದೆ, ಗಿಡ ಅದರ ಕೆಳಗೇ. ಮೊದಲು ಪ್ಲಾಸ್ಟಿಕ್ ಕುಂಡದಲ್ಲಿ ಮಾಸ್ (ನೀರು ಹಿಡಿದಿಡುವ ಒಣ ಪಾಚಿ) ಜೊತೆ ಇತ್ತು. ಈಗಿನದು ಸುತ್ತಲೂ ತೂತಿರುವ ಮಣ್ಣಿನ ಕುಂಡ.

ಕುಂಡದಕ್ಕ:
ಇದನ್ನೆಲ್ಲ ಮೊದಲೇ ಹೇಳಬಾರದಾ! ಒಣ ಬಾರ್ಕ್ ಮೇಲೆ ನೀರು ಕೆಸುವಿನೆಲೆ ಮೇಲೆ ಬಿದ್ದ ಹಾಗೆ ಜಾರಿಹೋಗುತ್ತದೆ. ಅಡುಗೆಮನೆ ತಕ್ಕಡಿಯಲ್ಲಿ ಕುಂಡ ತೂಗಿ. ಲೋಟ ನೀರು ಹಾಕಿ, ಬಸಿದ ಮೇಲೆ ಮತ್ತೆ ತೂಗಿ.

ಟಿಡಿಎಸ್_ತಾತ:
ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚೇನೂ ಇರುವುದಿಲ್ಲ, ಅದೂ ಕಾರಣ ಇರಬಹುದು. ನನ್ನ ಹತ್ತಿರ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣ ಅಳೆಯುವ ಮೂರು ಮೀಟರ್ ಇವೆ. ಮಳೆನೀರಿಗೆ 500 ಲೀಟರ್ ಡ್ರಮ್ ಬೇರೆ. ಫೋಟೊ ಹಾಕಲಾ?

ಬಳ್ಳಾರಿ_ಬಾಲ್ಕನಿ:
ಮೊದಲು 612 ಗ್ರಾಂ. ಲೋಟ ನೀರು ಹಾಕಿ ಬಸಿದ ಮೇಲೆ 621. ಬರೀ 9 ಗ್ರಾಂ! ಮಿಕ್ಕಿದ್ದೆಲ್ಲ ತಟ್ಟೆಗೆ. ಆಮೇಲೆ ಅರ್ಧ ಗಂಟೆ ಬಕೆಟ್‌ನಲ್ಲಿ ಮುಳುಗಿಸಿದೆ. 748! ಬೇರು ಕಣ್ಣೆದುರೇ ಹಸಿರಾಯಿತು.

ಮಲೆನಾಡ_ಮಾಣಿ:
ಅದರಲ್ಲಿ ಎಷ್ಟೋ ಪಾಲು ಮಣ್ಣಿನ ಕುಂಡವೇ ಕುಡಿದಿರುತ್ತದೆ.

ಕುಂಡದಕ್ಕ:
ಹೌದು, ಅದೂ ಸರಿಯೇ. ಎಸಿ ಗಾಳಿಗೆ ಆ ಕುಂಡ ಬೇಗ ಒಣಗುತ್ತದೆ. ಮೊದಲು ಗಿಡವನ್ನು ಅಲ್ಲಿಂದ ತೆಗೆಯಿರಿ. ಕುಂಡ ಹಗುರಾಗಿ ಬೇರು ಮತ್ತೆ ಬೂದಿಯಾದಾಗ ಮುಳುಗಿಸಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಲ್ಲಬಾರದು, ಟಿಶ್ಯೂ ತುದಿಯಿಂದ ಒತ್ತಿ ತೆಗೆಯಿರಿ. ಸ್ಪ್ರೇ ನಂಬಬೇಡಿ, ಹತ್ತು ನಿಮಿಷಕ್ಕೆ ಆರಿಹೋಗುತ್ತದೆ. ನಾನಾಗಿದ್ದರೆ ಬಾರ್ಕ್ ರಾತ್ರಿಯಿಡೀ ನೆನೆಸಿ, ಸ್ವಲ್ಪ ಮಾಸ್ ಬೆರೆಸಿ ಪ್ಲಾಸ್ಟಿಕ್ ಕುಂಡಕ್ಕೆ ಹಾಕುತ್ತಿದ್ದೆ.

ಮಲೆನಾಡ_ಮಾಣಿ:
ಮೂರು ವಾರದಲ್ಲಿ ಎರಡನೇ ಸಲ ಕುಂಡ ಬದಲಾಯಿಸುವುದಾ? ಬೇಡ ಮಾರಾಯ್ರೆ, ಬೇರು ಮುರಿಯುತ್ತದೆ.

ಬಳ್ಳಾರಿ_ಬಾಲ್ಕನಿ:
ಕುಂಡ ಬದಲಾಯಿಸಲಿಲ್ಲ, ಮುಳುಗಿಸುತ್ತಿದ್ದೇನೆ ಅಷ್ಟೇ. ಹನ್ನೆರಡು ದಿನವಾಯಿತು. ಹಳೇ ಎಲೆಗಳ ಸುಕ್ಕು ಹೋಗಿಲ್ಲ. ಆದರೆ ಬುಡದಲ್ಲಿ ಹೆಸರುಕಾಳಿನಷ್ಟು ಹಸಿರು ಮೊನೆ ಬಂದಿದೆ. ಹೊಸ ಬೇರು ಅಲ್ವಾ?

ಕುಂಡದಕ್ಕ:
ಹೂಕಡ್ಡಿಯೂ ಇರಬಹುದು. ತುದಿ ನುಣ್ಣಗೆ, ದುಂಡಗೆ ಇದ್ದರೆ ಬೇರು. ಕೈಗವಸಿನ ಹಾಗೆ ಕವಲು ಕಂಡರೆ ಹೂಕಡ್ಡಿ. ಫೋಟೊ ಹಾಕಿ.

ಟಿಡಿಎಸ್_ತಾತ:
ಆರ್‌ಒ ನೀರಿನ ಟಿಡಿಎಸ್ ಎಷ್ಟು ಅಂತ ಇನ್ನೂ ಹೇಳಲೇ ಇಲ್ಲ.