ಊರು ಬಿಟ್ಟು ಬಂದ ಮೇಲೆ ಅಪ್ಪನ ಶುಗರ್ ಏರಿದೆ. ಒಂಟಿತನ ಕಾರಣ ಇರಬಹುದಾ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ತಿಪಟೂರಿನಿಂದ ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ಕರೆದುಕೊಂಡು ಬಂದೆವು. ವಯಸ್ಸು 71. ಊಟ, ಮಾತ್ರೆ ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತಿದೆ. ಆದರೂ ಶುಗರ್ ಏರಿದೆ, ನಿದ್ದೆ ಇಲ್ಲ, ಮಾತೂ ಕಮ್ಮಿ. ಊರಲ್ಲಿ ಹೋಟೆಲ್ಲು, ಸಂತೆ, ದೇವಸ್ಥಾನ ಅಂತ ಓಡಾಡಿಕೊಂಡಿದ್ದರು. ನಮ್ಮ ಯಜಮಾನರು ವಯಸ್ಸಾಯ್ತಲ್ಲ ಅಂತಾರೆ. ಒಂಟಿತನದಿಂದ ನಿಜವಾಗಿಯೂ ಕಾಯಿಲೆ ಬರುತ್ತಾ?

ವೈದ್ಯರು: ನಮಸ್ಕಾರ ಮೇಡಂ. ಬರುತ್ತದೆ. ಒಂಟಿತನ ತುಂಬಾ ದಿನ ಕಾಡಿದರೆ ನಿದ್ದೆ ಕೆಡುತ್ತದೆ, ಒತ್ತಡ ಆದಾಗ ಮೈಯಲ್ಲಿ ಏರುವ ಕಾರ್ಟಿಸಾಲ್ ಅನ್ನುವ ಹಾರ್ಮೋನು ಏರುಪೇರಾಗುತ್ತದೆ. ಎರಡೂ ಶುಗರ್ ಏರಿಸುತ್ತವೆ. ಇನ್ನೊಂದು ವಿಷಯ, ಊರಲ್ಲಿ ಅವರು ವಾಕಿಂಗ್ ಅಂತ ಹೋಗುತ್ತಿರಲಿಲ್ಲ ಅಲ್ವಾ? ಕಾಫಿಗೆ, ಮಾತಿಗೆ ಅಂತ ನಡೆಯುತ್ತಿದ್ದರು. ಆ ಮಾತು ನಿಂತಾಗ ನಡಿಗೆಯೂ ನಿಂತಿತು.

ಕ್ಯಾಲಿಫೋರ್ನಿಯಾದ ಅಲಮೇಡಾ ಕೌಂಟಿಯಲ್ಲಿ 1965ರಿಂದ ಸುಮಾರು 7,000 ಜನರನ್ನು ಒಂಬತ್ತು ವರ್ಷ ಗಮನಿಸಿದರು. ನೆಂಟರು, ಸ್ನೇಹಿತರು ಅಂತ ಒಡನಾಟ ತೀರಾ ಕಮ್ಮಿ ಇದ್ದವರಲ್ಲಿ ಸಾವಿನ ಪ್ರಮಾಣ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಸಿಗರೇಟು, ಕುಡಿತದ ಲೆಕ್ಕ ತೆಗೆದರೂ ವ್ಯತ್ಯಾಸ ಉಳಿಯಿತು. ಕಾಯಿಲೆ ಬಿದ್ದವರು ಜನರಿಂದ ದೂರ ಆಗುವುದೂ ಉಂಟು, ಹಾಗಾಗಿ ಎಲ್ಲ ತಪ್ಪನ್ನೂ ಒಂಟಿತನದ ಮೇಲೆ ಹಾಕಲಾಗದು. ಆದರೂ 2023ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ವೈದ್ಯರು, ಆಗಿದ್ದ ವಿವೇಕ್ ಮೂರ್ತಿ ಇದರ ಬಗ್ಗೆಯೇ ಇಡೀ ದೇಶಕ್ಕೆ ಎಚ್ಚರಿಕೆ ಕೊಟ್ಟರು. (ಅವರ ಕುಟುಂಬದ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ!)

ಮೊದಲು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಥೈರಾಯ್ಡ್, ವಿಟಮಿನ್ ಬಿ12 ರಕ್ತ ಪರೀಕ್ಷೆ ಮಾಡಿಸಿ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತುಂಬಾ ವರ್ಷ ತೆಗೆದುಕೊಂಡವರಲ್ಲಿ ಬಿ12 ಇಳಿಯುವುದುಂಟು. ಆಮೇಲೆ ಅವರಿಗೊಂದು ಕೆಲಸ ಕೊಡಿ. "ಸುಮ್ನೆ ಆರಾಮಾಗಿ ಕೂತ್ಕೊಳ್ಳಿ ಅಪ್ಪಾ" ಅನ್ನುವುದನ್ನು ಮಾತ್ರ ಬಿಡಿ. ತರಕಾರಿ ತರುವುದು, ಮೊಮ್ಮಗುವನ್ನು ಸ್ಕೂಲ್ ಬಸ್ಸಿಂದ ಕರೆತರುವುದು, ಏನಾದರೂ ಸರಿ, ದಿನಾ ಅದೇ ಹೊತ್ತಿಗೆ ಆಗಲಿ. ಅದೇ ಮುಖಗಳು ಮತ್ತೆ ಮತ್ತೆ ಸಿಕ್ಕರೆ ಪರಿಚಯ ತಾನಾಗಿ ಬೆಳೆಯುತ್ತದೆ. ಆಗಾಗ ತಿಪಟೂರಿಗೂ ಕಳಿಸಿ. ಅಮ್ಮ ಹೋದ ದುಃಖವೂ ಇದರೊಳಗೆ ಇದೆ. ಊಟ ಬಿಟ್ಟರೆ, ಬದುಕು ಸಾಕು ಅಂದರೆ ಕಾಯಬೇಡಿ. ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇನ್ನೊಬ್ಬ ಸದಸ್ಯರು: ಸರ್, ನನಗೆ 32. ಜನ ಅಂದರೆ ಅಷ್ಟಕ್ಕಷ್ಟೆ. ಸ್ನೇಹಿತರು ಇಬ್ಬರೇ. ನನಗೂ ಅಪಾಯವಾ?

ವೈದ್ಯರು: ಆ ಇಬ್ಬರು ಕಷ್ಟಕ್ಕೆ ಆಗುತ್ತಾರೆ, ನಿಮಗೂ ಕೊರತೆ ಅನ್ನಿಸುತ್ತಿಲ್ಲ ಅಂದರೆ ಸಂಖ್ಯೆಯ ಚಿಂತೆ ಬೇಡ. ಆದರೆ ನಂಟಿನ ಬಗೆ ನೋಡಬೇಕು. ಶೆಲ್ಡನ್ ಕೋಹೆನ್ ಅನ್ನುವ ಮನಶ್ಶಾಸ್ತ್ರಜ್ಞರು 276 ಜನರ ಮೂಗಿಗೆ ನೆಗಡಿ ವೈರಸ್ ಬಿಟ್ಟು ನೋಡಿದರು. 1997ರಲ್ಲಿ ಫಲಿತಾಂಶ ಬಂತು. ಮನೆಯವರು, ಅಕ್ಕಪಕ್ಕದವರು, ಆಫೀಸಿನವರು, ಸಂಘದವರು ಅಂತ ಬೇರೆ ಬೇರೆ ಬಗೆಯ ನಂಟು ಇದ್ದವರಿಗೆ ನೆಗಡಿ ಕಮ್ಮಿ. ನಿಮ್ಮ ಇಬ್ಬರೂ ಒಂದೇ ಆಫೀಸಿನವರಾದರೆ ಕೆಲಸ ಬದಲಾದ ದಿನ ಕಷ್ಟ. ಪಕ್ಕದ ಮನೆಯವರ ಹತ್ತಿರ ಎರಡು ಮಾತಾಡಿ, ಸಾಕು.

ಮೊದಲು ಕೇಳಿದವರು: ಥ್ಯಾಂಕ್ಸ್ ಡಾಕ್ಟರೇ. ಅಪ್ಪನನ್ನು ಪಾರ್ಕಿಗೆ ಕಳಿಸಿದೆವು. ಯಾರ ಜೊತೆಯೂ ಮಾತಾಡದೆ ವಾಪಸ್ ಬಂದರು. ಮನೆಯಲ್ಲಿ ಟಿವಿ ಸೌಂಡ್ ಮಾತ್ರ ಬೀದಿಗೆ ಕೇಳುವ ಹಾಗೆ ಇಡುತ್ತಾರೆ.

ವೈದ್ಯರು: ಇದನ್ನು ಮೊದಲೇ ಹೇಳಬೇಕಿತ್ತು ಮೇಡಂ! ಕಿವಿ ಕೇಳದಿದ್ದರೆ ಗುಂಪಿನಲ್ಲಿ ಕೂರಲು ಮುಜುಗರ. ತಪ್ಪು ಉತ್ತರ ಕೊಟ್ಟು ನಗೆಪಾಟಲಾಗುವ ಬದಲು ಸುಮ್ಮನಿರುತ್ತಾರೆ. ಇಎನ್‌ಟಿ ಹತ್ತಿರ ತೋರಿಸಿ. ಬರೀ ಗುಗ್ಗೆ ತುಂಬಿದ್ದರೆ ಅಲ್ಲೇ ತೆಗೆಯುತ್ತಾರೆ, ಇಲ್ಲದಿದ್ದರೆ ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಆಡಿಯೋಗ್ರಾಮ್ ಮಾಡುತ್ತಾರೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.