ಹೈಸ್ಕೂಲ್ ಬ್ಯಾಚ್ ಗುಂಪಿನಲ್ಲಿ ಸೊಂಟದ ವಿಡಿಯೊ

ಬೋಪಣ್ಣ: [ವಿಡಿಯೊ: ಸೊಂಟದ ಕೀಲು ಜಾರಿದೆಯಾ? 30 ಸೆಕೆಂಡಲ್ಲಿ ಕೂರಿಸಿ!]
ಎಲ್ಲರೂ ಪೂರ್ತಿ ನೋಡಿ. ಬೆನ್ನುನೋವು ಅಂತ ಮೈಸೂರಿಗೆ ಅಲೆದು ದುಡ್ಡು ಸುರಿಯಬೇಡಿ. ಮಲಗಿಸಿ ನೋಡಿದರೆ ಒಂದು ಕಾಲು ಗಿಡ್ಡ, ಎಳೆದ ಮೇಲೆ ಎರಡೂ ಸಮ. ಕಣ್ಣೆದುರೇ ಇದೆ.

ಜಾನಕಿ: ಯಾವ ಕೀಲು ಇದು?

ಬೋಪಣ್ಣ: ಎಸ್‌ಐ ಜಾಯಿಂಟ್ ಮಾರಾಯ್ತಿ, ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಸೇರೋ ಕೀಲು. ಬೆನ್ನಿನ ಕೆಳಗೆ ಎರಡು ಗುಳಿ ಇರುತ್ತಲ್ಲ, ಅಲ್ಲಿ.

ಲಲಿತಾ: ಜಾಗ ಸರಿ ಹೇಳಿದೆ, ಉಳಿದದ್ದು ತಪ್ಪು. ಆ ಕೀಲು ಅಲ್ಲಾಡೋದೇ ಒಂದೆರಡು ಮಿಲಿಮೀಟರ್. ಸುತ್ತ ಮೂಳೆಗೆ ಮೂಳೆ ಕಟ್ಟಿರೋ ಅಸ್ಥಿರಜ್ಜುಗಳು ಅಷ್ಟು ಗಟ್ಟಿ. ಚೀಲ ಎತ್ತಿದ್ದಕ್ಕೆಲ್ಲ ಜಾರಲ್ಲ. 1998ರಲ್ಲಿ ಸ್ವೀಡನ್ನಿನವರು 10 ಜನರ ಮೂಳೆಯೊಳಗೆ ಸಣ್ಣ ಲೋಹದ ಗುಂಡು ಇಟ್ಟು, ಕೀಲು ಎಳೆಯುವ ಮೊದಲು ಮತ್ತು ಆಮೇಲೆ ಎಕ್ಸ್‌ರೇಯಲ್ಲಿ ಅಳೆದರು. ಮೂಳೆ ಇದ್ದಲ್ಲೇ ಇತ್ತು. ಕೈಯಲ್ಲಿ ಮುಟ್ಟಿ ನೋಡಿದವರಿಗೆ ಮಾತ್ರ ಸರಿಹೋಯ್ತು ಅನ್ನಿಸಿತ್ತು!

ಬೋಪಣ್ಣ: ಹಾಗಾದರೆ ಗೋಣಿಕೊಪ್ಪಲಲ್ಲಿ ಎಳೆದಾಗ ನನ್ನ ನೋವು ಇಳಿದದ್ದು ಸುಳ್ಳಾ? ಹೋಗುವಾಗ ಜೀಪಿಂದ ಇಳಿಯೋಕೆ ಆಗ್ತಿರಲಿಲ್ಲ, ಬರುವಾಗ ನಾನೇ ಓಡಿಸ್ಕೊಂಡು ಬಂದೆ.

ಲಲಿತಾ: ಇಳಿದದ್ದು ನಿಜ. ಬಿಗಿದ ಸ್ನಾಯು ಸಡಿಲ ಆಗುತ್ತೆ, ನೋವು ಸ್ವಲ್ಪ ದಿನ ತಗ್ಗುತ್ತೆ. ನಾನೂ ಕೈಯಿಂದ ಚಿಕಿತ್ಸೆ ಮಾಡ್ತೀನಿ. ಮೂಳೆ ಕೂತಿತು ಅನ್ನೋದು ಸುಳ್ಳು. ಮತ್ತೆ ಯಾವಾಗ ಬಂತು ಹೇಳು?

ಬೋಪಣ್ಣ: ರೋಬಸ್ಟಾ ಕಾಫಿ ಕೊಯ್ಲು ಶುರುವಾದಾಗ. ಮತ್ತೆ ಹೋಗಿ ಎಳೆಸಿಕೊಂಡೆ.

ಅಶ್ರಫ್: ಬಸ್ಸಿನವರ ಥರ ಮಂತ್ಲಿ ಪಾಸ್ ಮಾಡಿಸ್ಕೋ 😂

ಚಿಣ್ಣಪ್ಪ: ನಗಬೇಡಿ. ಲಲಿತಾ, ನಿನ್ನ ಲೆಕ್ಕ ಪೇಟೆಯವರಿಗೆ. ಇಲ್ಲಿ ಇಳಿಜಾರಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ದಿನವಿಡೀ ಕೊಯ್ಯಬೇಕು. ವಾರಗಟ್ಟಲೆ ವ್ಯಾಯಾಮ ಮಾಡು, ಮಲಗು ಅಂದರೆ ಅವರ ಕೂಲಿ ಯಾರು ಕೊಡ್ತಾರೆ? ಎಳೆಸಿದರೆ ನಾಳೆ ತೋಟಕ್ಕೆ ಬರ್ತಾರೆ.

ಲಲಿತಾ: ಮಲಗು ಅಂತ ನಾನೆಲ್ಲಿ ಅಂದೆ? ಮಲಗಿದರೆ ಇನ್ನೂ ಕೆಡುತ್ತೆ. ಕೆಲಸ ಬದಲಾಯಿಸು. ಸ್ವಲ್ಪ ಹೊತ್ತಿಗೊಮ್ಮೆ ತಿರುಗಿ ನಿಂತು ಕೊಯ್ಯಲಿ, ಆಗ ಇನ್ನೊಂದು ಕಾಲು ಕೆಳಗೆ ಬರುತ್ತೆ. ತುಂಬಿದ ಚೀಲ ಹೊರೋದು ಸದ್ಯಕ್ಕೆ ಬೇಡ, ಕಣದ ಕೆಲಸ ಕೊಡು. ಬೆಲ್ಟ್ ಕಟ್ಟಬಹುದು, ಆದರೆ ಹೊಟ್ಟೆ ಸುತ್ತ ಅಲ್ಲ. ಸೊಂಟದ ಎಲುಬಿನ ಅಂಚಿಗಿಂತ ಕೆಳಗೆ, ತೊಡೆ ಶುರುವಾಗೋ ಪಕ್ಕದ ಉಬ್ಬಿಗಿಂತ ಸ್ವಲ್ಪ ಮೇಲೆ. ಸಂಜೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತಿ ಇಳಿಸಲಿ. ಪಕ್ಕಕ್ಕೆ ಮಲಗಿ ಪಾದ ಜೋಡಿಸಿ ಮೇಲಿನ ಮಂಡಿ ತೆರೆಯಲಿ. ಹತ್ತು ನಿಮಿಷದ ಕೆಲಸ. ನೋವು ತಗ್ಗಿದ ಹಾಗೆ ಮೆಟ್ಟಿಲು, ಆಮೇಲೆ ಭಾರ. ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ತಿಂಗಳುಗಳು ಬೇಕು.

ಜಾನಕಿ: ನಾದಿನಿಗೆ ಬಸುರಿಯಾದಾಗ ಶುರುವಾದದ್ದು, ಹೆರಿಗೆ ಆದರೂ ಹೋಗಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸೋಕೂ ಆಗಲ್ಲ. ಅತ್ತೆ ನೋಡಿದರೆ ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದಕ್ಕೆ ಅಂತಾರೆ.

ಲಲಿತಾ: ತಣ್ಣೀರು ಏನೂ ಮಾಡಿಲ್ಲ. ಬಸುರಿಯಲ್ಲಿ ಹಾರ್ಮೋನಿನಿಂದ ಕೀಲಿನ ಹಿಡಿತ ಸಡಿಲ ಆಗುತ್ತೆ, ಮೇಲೆ ಹೊಟ್ಟೆಯ ಭಾರ. ಮಗ್ಗುಲಾಗುವಾಗ ಎರಡೂ ಮಂಡಿ ಜೋಡಿಸಿ ಒಟ್ಟಿಗೆ ತಿರುಗಲಿ. ಒಂಟಿ ಕಾಲಲ್ಲಿ ನಿಂತು ಚೂಡಿದಾರ ಪ್ಯಾಂಟ್ ಹಾಕೋದು ಬೇಡ, ಕೂತು ಹಾಕಲಿ.

ಅಶ್ರಫ್: ಅಕ್ಕನ ಮಗನಿಗೂ ಅಲ್ಲೇ ನೋವು. 24 ವರ್ಷ. ಬೆಳಿಗ್ಗೆ ಎದ್ದರೆ ಒಂದು ಗಂಟೆ ಬಗ್ಗೋಕಾಗಲ್ಲ, ಹಾಕಿ ಆಡೋಕೆ ಇಳಿದರೆ ಕಮ್ಮಿ. ಐದಾರು ತಿಂಗಳಾಯ್ತು. ಈ ವಿಡಿಯೊ ಅವನಿಗೂ ಕಳಿಸಿದೆ.

ಲಲಿತಾ: ಈಗಲೇ ಫೋನ್ ಮಾಡಿ ಎಳೆಸಬೇಡ ಅನ್ನು. ನಾವು ಮಾತಾಡ್ತಿರೋ ನೋವು ಕೆಲಸ ಮಾಡಿದರೆ ಏರುತ್ತೆ, ಸ್ವಲ್ಪ ಸುಧಾರಿಸಿಕೊಂಡರೆ ಇಳಿಯುತ್ತೆ. ಅವನದು ಉಲ್ಟಾ. ಅದು ಕೀಲಿನ ಉರಿಯೂತ ಇರಬಹುದು, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಥರದ್ದು. ರುಮಟಾಲಜಿಸ್ಟ್, ಅಂದರೆ ಕೀಲುವಾತದ ಡಾಕ್ಟರು ನೋಡಬೇಕು. ಶುರುವಲ್ಲಿ ಎಕ್ಸ್‌ರೇ ಸರಿಯಾಗೇ ಕಾಣಬಹುದು, ಎಂಆರ್‌ಐ ಬೇಕಾಗುತ್ತೆ.

ಬೋಪಣ್ಣ: ನೋಡಿ, ಕೊನೆಗೆ ಎಂಆರ್‌ಐಗೇ ಬಂದಳು. ನಾನು ಹೇಳಿದ್ದು ಇದನ್ನೇ.

ಲಲಿತಾ: ನಿನಗೆ ಹೇಳಿದ್ನಾ? ನಿಂದು ಎಸ್‌ಐ ನೋವೇ ಆಗಿದ್ದರೂ ಸ್ಕ್ಯಾನಲ್ಲಿ ಸಾಮಾನ್ಯವಾಗಿ ಕಾಣಲ್ಲ. ಮೊದಲು ಅದು ಎಸ್‌ಐ ಅಂತ ಯಾರು ಹೇಳಿದ್ದು? ಬಹಳ ದಿನದ ಬೆನ್ನುನೋವಿನವರಲ್ಲಿ 100ಕ್ಕೆ ಸುಮಾರು 15ರಿಂದ 30 ಜನರಿಗೆ ಮಾತ್ರ ಅದರಿಂದ ಬರೋದು.

ಬೋಪಣ್ಣ: ಎಳೆದವರೇ ಹೇಳಿದರು.

ಅಶ್ರಫ್: 😂😂

ಲಲಿತಾ: ಬೇರೆ ಬೇರೆ ರೀತಿ ಒತ್ತಿ, ತೊಡೆ ತಳ್ಳಿ ನೋಡೋ ಪರೀಕ್ಷೆಗಳಿವೆ. ಮೂರರಲ್ಲಾದರೂ ನಿನ್ನ ಅದೇ ನೋವು ಎದ್ದರೆ ಅನುಮಾನ ಪಡ್ತೀವಿ. ಇನ್ನೂ ಖಾತ್ರಿ ಬೇಕಂದರೆ ಸ್ಕ್ಯಾನ್ ನೋಡ್ಕೊಂಡು ಕೀಲಿಗೆ ಅರಿವಳಿಕೆ ಇಂಜೆಕ್ಷನ್ ಕೊಟ್ಟು ನೋವು ಹೋಗುತ್ತಾ ನೋಡಬೇಕು. ಮತ್ತೆ ಎಲ್ಲರಿಗೂ ಒಂದು ಮಾತು: ತೊಡೆ ಸಂದಿ ಮರಗಟ್ಟಿದರೆ, ಮೂತ್ರ ಹತೋಟಿ ತಪ್ಪಿದರೆ, ಎಳೆಯೋದೂ ಬೇಡ, ವ್ಯಾಯಾಮವೂ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ.

ಬೋಪಣ್ಣ: ಭಾನುವಾರ ಊರಿಗೆ ಬರ್ತೀಯಲ್ಲ, ಪರೀಕ್ಷೆ ಮಾಡು. ಎಸ್‌ಐ ಅಲ್ಲ ಅಂತಾದರೆ ವಿಡಿಯೊ ಡಿಲೀಟ್. ಹೌದು ಅಂತಾದರೆ ಇಲ್ಲೇ ಇರುತ್ತೆ.

ಲಲಿತಾ: ಹೌದು ಅಂತಾದರೂ ವಿಡಿಯೊ ಸರಿ ಅಂತ ಆಗಲ್ಲ ಮಾರಾಯ.

ಚಿಣ್ಣಪ್ಪ: ತೋಟದ ಇಬ್ಬರನ್ನ ನಾನೂ ಕರ್ಕೊಂಡು ಬರ್ತೀನಿ. ಬೆಲ್ಟ್ ಎಲ್ಲಿ ಕಟ್ಟೋದು ಅಂತ ತೋರಿಸಿಕೊಡು. ಕಣದ ಕೆಲಸಕ್ಕೆ ಅಷ್ಟು ಜನ ಬೇಡ, ಅದರ ಜಗಳ ಆಮೇಲೆ ಆಡೋಣ.